20 ಡಾಲರ್ ಹರಳಿನ ಲೆಕ್ಕ

ಮಧ್ಯಪ್ರದೇಶದ ಪನ್ನಾ ಬಳಿಯ ಮಝಗವಾಂ ಗಣಿಯಲ್ಲಿ 100 ಟನ್ ಕಲ್ಲು ಪುಡಿ ಮಾಡಿದರೆ ಸಿಗುವ ವಜ್ರ ಹೆಚ್ಚುಕಡಿಮೆ 10 ಕ್ಯಾರೆಟ್. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ, ಅಲ್ಲಿಗೆ ಸಿಕ್ಕಿದ್ದು 2 ಗ್ರಾಂ. ಐದು ಕೋಟಿ ಪಾಲು ಕಲ್ಲಿಗೆ ಒಂದು ಪಾಲು ವಜ್ರ. ಅದೆಲ್ಲವೂ ಒಡವೆಗೆ ಆಗುವಂಥದ್ದಲ್ಲ.

ಆ ಕಲ್ಲಿನಲ್ಲಿ ವಜ್ರ ಹುಟ್ಟಿದ್ದೂ ಅಲ್ಲ. ಆಳದಿಂದ ಉಕ್ಕಿದ ಶಿಲಾರಸ ಅದನ್ನು ಹೊತ್ತು ತಂದು ಅಲ್ಲಿ ಗಟ್ಟಿಯಾಯಿತು, ಅಷ್ಟೆ. ಬಹುಪಾಲು ವಜ್ರಗಳ ತವರು ಹಳೆಯ ಭೂಖಂಡಗಳ ಬುಡ: 150ರಿಂದ 200 ಕಿ.ಮೀ. ಆಳ, ವಾತಾವರಣದ ಸುಮಾರು 50,000 ಪಟ್ಟು ಒತ್ತಡ, 900ರಿಂದ 1,300 ಡಿಗ್ರಿ ಸೆಲ್ಸಿಯಸ್ ಬಿಸಿ. ಬಂಡೆಯ ಸಂದುಗಳಲ್ಲಿ ನುಸುಳುವ ಇಂಗಾಲಭರಿತ ದ್ರವದಿಂದ ಹರಳು ಕಟ್ಟುತ್ತದೆ. ಕಲ್ಲಿದ್ದಲೇ ಒತ್ತಡಕ್ಕೆ ಸಿಕ್ಕಿ ವಜ್ರವಾಯಿತೆಂಬ ಮಾತು ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಕಲ್ಲಿದ್ದಲಿಗೆ ಮೂಲವಾದ ಸಸ್ಯ ನೆಲದ ಮೇಲೆ ಕಾಣಿಸಿಕೊಂಡು ಸುಮಾರು 47 ಕೋಟಿ ವರ್ಷ; ಪನ್ನಾದ ಶಿಲೆ ಮೇಲೆ ಬಂದೇ 107 ಕೋಟಿ ವರ್ಷ. ಬಳ್ಳಾರಿ ಗಡಿಯಾಚೆ, ಅನಂತಪುರ ಜಿಲ್ಲೆಯ ವಜ್ರಕರೂರಿನಲ್ಲಿ ಧಾರವಾಡ ಕ್ರೇಟಾನ್ ಎಂಬ ಪುರಾತನ ಶಿಲಾಪೀಠವನ್ನು ಸೀಳಿ ಬಂದ ಕಿಂಬರ್ಲೈಟ್ ಎಂಬ ಶಿಲೆಗಳದ್ದೂ 110 ಕೋಟಿಯ ಆಸುಪಾಸು. ಜಗತ್ತಿನ ಕೆಲವು ವಜ್ರಗಳ ವಯಸ್ಸು 350 ಕೋಟಿ ವರ್ಷ ಮುಟ್ಟುತ್ತದೆ.

ಈ ವಯಸ್ಸನ್ನು ವಜ್ರದಿಂದಲೇ ತಿಳಿಯಲಾಗದು. ಕಾರ್ಬನ್-14ರ ಅರ್ಧಾಯುಷ್ಯ 5,730 ವರ್ಷ. ಕೋಟಿಗಳ ಲೆಕ್ಕಕ್ಕೆ ಅದು ಎಲ್ಲಿ ಸಾಕು? ಹರಳು ಬೆಳೆಯುವಾಗ ಒಳಗೆ ಸಿಕ್ಕಿಬಿದ್ದ ಸಲ್ಫೈಡ್ ಕಣವನ್ನು ಹುಡುಕಬೇಕು. ಅದರಲ್ಲಿರುವ ರೀನಿಯಂ-187ರ ಅರ್ಧಾಯುಷ್ಯ 4,000 ಕೋಟಿ ವರ್ಷಕ್ಕೂ ಮಿಗಿಲು. ಅದರಲ್ಲಿ ಎಷ್ಟು ಆಸ್ಮಿಯಂ ಆಗಿದೆಯೆಂದು ಅಳೆದರೆ ವಯಸ್ಸು ಸಿಕ್ಕಿತು. ಹಾಗೆಯೇ ಸಿಕ್ಕಿಬಿದ್ದ ಗಾರ್ನೆಟ್, ಪೈರಾಕ್ಸೀನ್ ಖನಿಜ ಕಣಗಳ ರಾಸಾಯನಿಕ ಸಂಯೋಜನೆ ಒತ್ತಡ, ಬಿಸಿ ಎಷ್ಟಿತ್ತೆಂದು ತಿಳಿಸುತ್ತದೆ. 10 ಪಟ್ಟು ಹಿಗ್ಗಿಸುವ ಮಸೂರ ಹಿಡಿದು ವ್ಯಾಪಾರಿ ದರ ಇಳಿಸುವುದು ಇಂಥ ಚುಕ್ಕೆ ಕಂಡಾಗಲೇ!

1905ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸಿಕ್ಕ ಕಲಿನನ್ ವಜ್ರ ತೂಗಿದ್ದು 3,106 ಕ್ಯಾರೆಟ್, ಅಂದರೆ 621 ಗ್ರಾಂ. ಆ ಜಾತಿಯ 53 ದೊಡ್ಡ ವಜ್ರಗಳ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅಷ್ಟು ಬೆಲೆಯ ಹರಳನ್ನು ಒಡೆದು ನೋಡಲು ಯಾರು ಕೊಟ್ಟಾರು? ಕತ್ತರಿಸುವಾಗ ಉಳಿದ ಚೂರುಗಳೇ ಗತಿ. ಅವುಗಳಲ್ಲಿದ್ದ ಕಬ್ಬಿಣ–ನಿಕ್ಕಲ್ ಮಿಶ್ರಲೋಹ ಮತ್ತು ಇತರ ಖನಿಜ ಕಣಗಳಿಂದ ಲೆಕ್ಕ ಹಾಕಿದ, ಆ ವಜ್ರಗಳು ಹುಟ್ಟಿದ ಆಳ 360ರಿಂದ 750 ಕಿ.ಮೀ.

ನನಗೆ ಇದಕ್ಕಿಂತ ಹಿಡಿಸುವ ಲೆಕ್ಕ ಬ್ರೆಜಿಲ್‌ನ ಜುಯಿನಾದ್ದು. 2008ರಲ್ಲಿ ಅಲ್ಲಿನ ನದಿಜಲ್ಲಿಯಲ್ಲಿ ಸಿಕ್ಕ ಕಂದು ಹರಳಿನ ತೂಕ 0.09 ಗ್ರಾಂ, ಬೆಲೆ ಸುಮಾರು 20 ಡಾಲರ್. ಭೂವಿಜ್ಞಾನಿ ಗ್ರಹಾಂ ಪಿಯರ್ಸನ್ ತಂಡ ಅದರಲ್ಲಿ ಹುಡುಕುತ್ತಿದ್ದದ್ದು ಬೇರೊಂದು ಖನಿಜವನ್ನು. ಕೈಗೆ ಬಂದದ್ದು ರಿಂಗ್‌ವುಡೈಟ್. ಅಲ್ಲಿಯವರೆಗೆ ನಿಸರ್ಗದಲ್ಲಿ ಅದು ಕಂಡಿದ್ದು ಉಲ್ಕಾಶಿಲೆಗಳಲ್ಲಿ ಮಾತ್ರ. ಕಣದ ತೂಕದ ಸುಮಾರು ಶೇಕಡಾ 1.5ರಷ್ಟು ನೀರು, ಹನಿಯಾಗಿ ಅಲ್ಲ, ಖನಿಜದ ರಚನೆಯೊಳಗೇ ಬೆಸೆದುಕೊಂಡು. ಈ ಖನಿಜ ಹುಟ್ಟುವ, 410ರಿಂದ 660 ಕಿ.ಮೀ. ಆಳದವರೆಗಿನ ಪದರವೆಲ್ಲ ಹೀಗೇ ಇದ್ದರೆ ಅಲ್ಲಿ ಭೂಮಿಯ ಎಲ್ಲ ಸಾಗರಗಳಷ್ಟು ನೀರಿರಬಹುದು ಎಂಬುದು 2014ರ ಅಂದಾಜು. ಒಂದೇ ಕಣದಿಂದ ಅಷ್ಟು ದೊಡ್ಡ ಗುಣಾಕಾರ ಮಾಡಲು ಧೈರ್ಯ ಬೇಕು. ಆ ಪದರದಲ್ಲಿ ಕೆಲವೆಡೆ ಮಾತ್ರ ತೇವವಿದ್ದರೂ ಇರಬಹುದೆಂದು ಸಂಶೋಧಕರೂ ಒಪ್ಪುತ್ತಾರೆ.