ನೆರಳು ಕಾಯ್ದ ನೀಲಿ

ಮದುವೆಯಾಗಿ ಅಮೆರಿಕದ ಮಿನೆಸೋಟಾಗೆ ಹೋದ ಅಕ್ಕ ಮೊದಲ ಬೇಸಿಗೆಯಲ್ಲಿ ವಿಡಿಯೊ ಕಾಲ್ ಮಾಡಿ ಮೂರು ಪುಟ್ಟ ಗಿಡ ತೋರಿಸಿದಳು. ಎಲೆಗಳು ಇಲಿಯ ಕಿವಿಯಂತೆ ಗುಂಡಗೆ, ದಪ್ಪಗಿದ್ದವು. ಬಣ್ಣ ಮಾತ್ರ ಬೂದಿ ಬೆರೆಸಿದ ನೀಲಿ! ‘ಫಿಲ್ಟರ್ ಹಾಕಿದ್ದೀಯೇನೇ?’ ಎಂದು ರೇಗಿಸಿದೆ.

ಅದು ಹೋಸ್ಟಾ. ಜಪಾನ್, ಕೊರಿಯಾ, ಚೀನಾ ಮೂಲದ, ನೆರಳು ಬಯಸುವ ಗಿಡ. ಅಕ್ಕ ತಂದಿದ್ದು ‘ಬ್ಲೂ ಮೌಸ್ ಇಯರ್ಸ್’ ಎಂಬ ಕುಳ್ಳ ತಳಿ. ಅಲ್ಲಿನ ಹೋಸ್ಟಾ ಬೆಳೆಗಾರರ ಸಂಘ ಅದನ್ನು 2008ರ ‘ವರ್ಷದ ಹೋಸ್ಟಾ’ ಎಂದು ಆರಿಸಿತ್ತು. ಬೆಳೆದರೆ ಸುಮಾರು ಒಂದು ಗೇಣು ಎತ್ತರ, ಅಷ್ಟೇ.

ಬಿಇ ಮುಗಿಸಿ ಬೆಂಗಳೂರಿನಲ್ಲಿ ನಾಲ್ಕು ವರ್ಷ ದುಡಿದಿದ್ದ ಅಕ್ಕನಿಗೆ ಅಲ್ಲಿನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಭಾವ ಆಫೀಸಿಗೆ ಹೋದರೆ ದಿನವಿಡೀ ಒಬ್ಬಳೇ. ಮನೆಯ ಉತ್ತರಕ್ಕೆ ಬಿಸಿಲು ಬೀಳದ ಮೂಲೆಯೊಂದಿತ್ತು. ಅವಳ ತೋಟ ಅದೇ.

ಜುಲೈನಲ್ಲಿ ಒಂದು ಗಿಡ ಕಿತ್ತು ಬಿಸಿಲಿಗೆ ನೆಟ್ಟಳು. ಗಿಡಕ್ಕೆ ಬಿಸಿಲು ಒಳ್ಳೆಯದೆಂದೇ ನಾವು ಬೆಳೆದವರಲ್ಲವೇ? ಕೆಲವೇ ವಾರಗಳಲ್ಲಿ ನೀಲಿ ಹೋಗಿ ಹಸಿರಾಯಿತು, ಎಲೆಯಂಚು ಸುಟ್ಟಿತು. ಕಾರಣ ಹುಡುಕುವ ಕೆಲಸ ನನಗೆ ಬಂತು.

ಓದಿದಾಗ ತಿಳಿಯಿತು: ಆ ಎಲೆಯೂ ಒಳಗೆ ಹಸಿರೇ. ಮೇಲೆ ತೆಳುವಾದ ಮೇಣದ ಪದರವಿದೆ. ಬೆಳಕು ಅದರಲ್ಲಿ ಚದುರಿ ನಮ್ಮ ಕಣ್ಣಿಗೆ ನೀಲಿ ಕಾಣುತ್ತದೆ. ಬಾಳೆ ಎಲೆಯ ಹಿಂಬದಿಯನ್ನು ಬೆರಳಿನಿಂದ ಉಜ್ಜಿದರೆ ಬಿಳಿ ಪುಡಿ ಅಂಟುತ್ತದಲ್ಲ, ಹಾಗೆಯೇ. ಮಧ್ಯಾಹ್ನದ ಬಿಸಿಲಿಗೆ ಮೇಣ ಕರಗುತ್ತದೆ. ಪೈಪಿನಿಂದ ಎಲೆ ಮೇಲೆ ರಭಸವಾಗಿ ನೀರು ಬಿಟ್ಟರೂ ಹೋಗುತ್ತದೆ. ಬೆಳಗಿನ ಎಳೆಬಿಸಿಲು, ಬುಡಕ್ಕಷ್ಟೇ ನೀರು, ನೀರು ನಿಲ್ಲದ ಮಣ್ಣು ಸಾಕು. ಅಕ್ಕ ಗಿಡವನ್ನು ಮತ್ತೆ ಮೂಲೆಗೆ ತಂದಳು.

ಅಕ್ಟೋಬರ್‌ನಲ್ಲಿ ಹಿಮ ಬೀಳತೊಡಗಿತು. ಎಲೆಗಳೆಲ್ಲ ಹಳದಿಯಾಗಿ, ಕೊಳೆತು ನೆಲ ಸೇರಿದವು. ‘ಇದೂ ಹೋಯ್ತು ಕಣೋ’ ಎಂದಳು. ಆ ‘ಇದೂ’ ಕೇಳಿ ನನಗೆ ಮಾತು ಹೊರಡಲಿಲ್ಲ. ಆಮೇಲೆ ಹೇಳಿದೆ, ‘ಕೀಳಬೇಡ ಕಣೇ. ಬೇರು ಸತ್ತಿಲ್ಲ, ಮಲಗಿದೆ. ಆ ಚಳಿ ಅದಕ್ಕೆ ಬೇಕೇ ಬೇಕು.’

ಚಳಿಗಾಲವಿಡೀ ಅವಳ ಫೋನ್ ಕಡಿಮೆಯಾಯಿತು. ಮಾಡಿದರೂ ಎರಡೇ ಮಾತು. ಮೇ ತಿಂಗಳ ಒಂದು ರಾತ್ರಿ, ಇಂಟರ್ನಲ್ಸ್‌ಗೆ ಓದುತ್ತಿದ್ದಾಗ ಫೋಟೊ ಬಂತು. ಕಪ್ಪು ಮಣ್ಣಿನಿಂದ ಪೆನ್ಸಿಲ್ ಮೊನೆಯಂಥ ಮೊಳಕೆಗಳು. ಕೆಳಗೆ, ‘ಎಣಿಸಿದೆ. ಹನ್ನೊಂದು!’

ಅವಳಿಗೆ ಕೆಲಸದ ಅನುಮತಿ ಇನ್ನೂ ಸಿಕ್ಕಿಲ್ಲ. ಆದರೆ ಅಲ್ಲಿನ ಕಾಲೇಜೊಂದಕ್ಕೆ ಅರ್ಜಿ ಹಾಕಿದ್ದಾಳೆ. ಮೊನ್ನೆ ಅಮ್ಮ, ‘ಬರುವಾಗ ಒಂದು ಗಿಡ ತಾರೇ’ ಎಂದರು. ಬೆಳಿಗ್ಗೆ ಸ್ವೆಟರ್ ಹಾಕಿ ಹತ್ತು ಗಂಟೆಗೆ ತೆಗೆಯುವ ದಾವಣಗೆರೆಯ ಚಳಿ ಅದಕ್ಕೆ ಸಾಲದೆಂದು ನಾನು ವಿವರಿಸಿದೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಿದ್ರೆ ಅಲ್ಲೇ ಚೆನ್ನಾಗಿರಲಿ ಬಿಡು’ ಎಂದರು.