ಮುಚ್ಚಿದ ಬಾಗಿಲುಗಳನ್ನು ಓದುವುದು

ಝುಲೈಖಾ ಬಾಗಿಲುಗಳನ್ನು ಮುಚ್ಚಿದ ಕಥೆ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಹೆರಾತ್‌ನ ಕಮಾಲುದ್ದೀನ್ ಬಿಹ್ಝಾದ್ ಅದನ್ನೇ 1488ರಲ್ಲಿ ಸಅದಿಯ 'ಬೂಸ್ತಾನ್' ಹಸ್ತಪ್ರತಿಗೆ ಚಿತ್ರಿಸಿದ. ಈಗ ಅದು ಕೈರೋದಲ್ಲಿದೆ. ನಬಿಯವರ ರೂಪ ಬಿಡಿಸುವುದನ್ನು ನಮ್ಮ ಉಲಮಾಗಳು ಒಪ್ಪುವುದಿಲ್ಲ, ನನ್ನದೂ ಅದೇ ಮಾತು. ಆದರೆ ಚಿತ್ರದ ಬಹುಪಾಲು ಬರೀ ಕಟ್ಟಡ. ಅದರ ಗೆರೆ, ಜಾಗ, ಬಣ್ಣವನ್ನು ಓದಿ ನೋಡಿ.

ಕೆಳಗಿನಿಂದ ಕಣ್ಣು ಹೊರಟರೆ ಒಂದು ಬಾಗಿಲು, ಮುಚ್ಚಿದೆ. ಮೆಟ್ಟಿಲು ಅತ್ತಿತ್ತ ತಿರುಗಿ ಮೇಲೇರುತ್ತದೆ. ಮತ್ತೆ ಬಾಗಿಲು, ಅದೂ ಮುಚ್ಚಿದೆ. ದಾಸಿಯಿಲ್ಲ, ಕಾವಲಿನವನಿಲ್ಲ. ಆ ಖಾಲಿ ಜಾಗವೇ 'ಯಾರು ನೋಡ್ತಾರೆ?' ಅನ್ನುತ್ತದೆ.

ಇಲ್ಲೇ ಬಿಹ್ಝಾದನ ಜಾಣ್ಮೆ. ಪರ್ಷಿಯನ್ ಪದ್ಧತಿಯಂತೆ ನೆರಳಿಲ್ಲ, ಕತ್ತಲಿಲ್ಲ. ಒಳಗೋಣೆಗಳೆಲ್ಲ ಒಮ್ಮೆಲೇ ಕಾಣುತ್ತವೆ. ಒಳಗಿದ್ದವಳಿಗೆ ಬೀಗ ಹಾಕಿದ ಮನೆ, ನೋಡುವವನಿಗೆ ತೆರೆದ ಮನೆ. ಸಅದಿಯ ಕಥೆಯಲ್ಲಿ ಝುಲೈಖಾ ನಾಚಿ ತನ್ನ ವಿಗ್ರಹದ ಮುಖಕ್ಕೆ ಬಟ್ಟೆ ಮುಚ್ಚುತ್ತಾಳೆ. ಕಲ್ಲಿಗೆ ನಾಚುವ ನೀನು, ಅಲ್ಲಾಹನಿಗೆ ನಾನು ನಾಚಬಾರದೇ ಅಂತ ಯೂಸುಫ್ ನಬಿ ಅಳುತ್ತಾರೆ. ಆ ಮಾತಿಗೆ ಬಿಹ್ಝಾದ್ ಕೊಟ್ಟ ರೂಪ ಈ ತೆರೆದ ಗೋಡೆಗಳು.

ಇನ್ನು ಬಣ್ಣ. ಮೇಲೆ ಬಲಮೂಲೆಯಲ್ಲಿ ಕೆಂಪು ಉಡುಪಿನ ಕೈ ಚಾಚುತ್ತದೆ, ಹಸಿರು ನಿಲುವಂಗಿ ಕೊಸರಿಕೊಂಡು ಓಡುತ್ತದೆ.