‘ಫೋಕಸ್! ಫೋಕಸ್!’ ಎಂದು ಕೂಗುವ ಗೆಳೆಯರೇ, ಒಂದು ನಿಮಿಷ!

ಪರದೆಯ ಮೇಲೆ ನಮ್ಮ ಹೀರೋ ಎಂಟ್ರಿ ಕೊಡುವ ಹೊತ್ತಿಗೆ ಸರಿಯಾಗಿ ಮುಖ ಮಸುಕಾದರೆ ನಾವೇನು ಮಾಡುತ್ತೇವೆ? ಸೀಟಿ ಹೊಡೆಯುತ್ತೇವೆ, ಕುರ್ಚಿ ಕುಟ್ಟುತ್ತೇವೆ, ಆಪರೇಟರನ ಏಳು ತಲೆಮಾರು ತೆಗೆಯುತ್ತೇವೆ. ನಾನೂ ಗಂಟಲು ಹರಿಯುವಂತೆ ಕೂಗಿದವನೇ. ಆದರೆ ನಮ್ಮ ಕಾಕಾ ಹುಬ್ಬಳ್ಳಿಯ ಟಾಕೀಸೊಂದರಲ್ಲಿ ಆಪರೇಟರ್ ಆಗಿದ್ದವರು. ಕೂಗು ಕೇಳಿಸಿಕೊಂಡ ಪಾರ್ಟಿ!

ಈಗ ಅವರು ಮಗನ ಜೊತೆ ಗಣೇಶಗುಡಿಯಲ್ಲಿದ್ದಾರೆ. ಸೂಪಾ ಅಣೆಕಟ್ಟಿನ ಊರು. ದಾಂಡೇಲಿಯಿಂದ ಬಸ್ ಹತ್ತಿದರೆ ದಾರಿಯುದ್ದಕ್ಕೂ ಕಾಡು. ಹೋದ ಮಳೆಗಾಲ ಮುಗಿದ ಮೇಲೆ ಹೋಗಿದ್ದೆ. ಕಾಕಾ ಟ್ರಂಕಿನಿಂದ ಬಟ್ಟೆಯಲ್ಲಿ ಸುತ್ತಿದ್ದ ಹಳೇ ಪ್ರೊಜೆಕ್ಟರ್ ಲೆನ್ಸು ತೆಗೆದು ಕೈಗಿತ್ತರು. ಧೂಳಿತ್ತು. ನಾನು ಅಂಗಿಯ ತುದಿ ಎತ್ತಿದೆನೋ ಇಲ್ಲವೋ, ಫಟ್ ಎಂದು ಕೈ ಮೇಲೆ ಏಟು!

“ಏ ತಮ್ಮಾ, ಅಂಗೀಲೆ ಒರಸಬ್ಯಾಡ! ಅದೇನ ಬಸ್ಸಿನ ಗಾಜೇನ?”

ಅಲ್ಲ ಸ್ವಾಮಿ, ಬಸ್ಸಿನ ಗಾಜಲ್ಲ. ನಾವು ಸಿನಿಮಾ ಎಂದು ನೋಡುವುದೆಲ್ಲ ಎರಡು ಸಲ ಲೆನ್ಸಿನ ಒಳಗೆ ಹಾದು ಬಂದದ್ದು: ಒಮ್ಮೆ ಕ್ಯಾಮೆರಾದಲ್ಲಿ, ಒಮ್ಮೆ ಪ್ರೊಜೆಕ್ಟರಿನಲ್ಲಿ. 1977ರಲ್ಲಿ ‘ಸೊಸೆ ತಂದ ಸೌಭಾಗ್ಯ’ ಕನ್ನಡಕ್ಕೆ ಸಿನಿಮಾಸ್ಕೋಪ್ ತಂದಾಗ ಜನ ಬಾಯಿಬಿಟ್ಟುಕೊಂಡು ನೋಡಿದ ಆ ಅಗಲವೂ ಗಾಜಿನದೇ ಕರಾಮತ್ತು. ಒಂದೇ ದಿಕ್ಕಿಗೆ ಬಾಗಿದ ಗಾಜು ಚಿತ್ರವನ್ನು ಹಿಂಡಿ ಫಿಲ್ಮಿನಲ್ಲಿ ತುಂಬಿತು, ಅಂಥದೇ ಇನ್ನೊಂದು ಅದನ್ನು ಪರದೆಯ ಮೇಲೆ ಬಿಚ್ಚಿ ಹರವಿತು. ಹಾಲಿವುಡ್ಡಿನ ಕ್ಯೂಬ್ರಿಕ್ ಸಾಹೇಬ 1975ರ ‘ಬ್ಯಾರಿ ಲಿಂಡನ್’ನಲ್ಲಿ ಬರೀ ಮೇಣದಬತ್ತಿಯ ಬೆಳಕಿಗೆ ಕ್ಯಾಮೆರಾ ಓಡಿಸಿದ್ದು, ಝೈಸ್ ಕಂಪನಿ ನಾಸಾಕ್ಕೆಂದು ಮಾಡಿದ್ದ ಲೆನ್ಸಿನಿಂದ. ಪೋಸ್ಟರಿನಲ್ಲಿ ಆ ಗಾಜು ಉಜ್ಜಿದವನ ಹೆಸರು ಇದೆಯೇ? ಹುಡುಕಿ ನೋಡಿ!

ಹಾಗಾದರೆ ಉಜ್ಜುವುದು ಹೇಗೆ? ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಪುಸ್ತಕದಲ್ಲಿ ಓದಿದ್ದು ತಲೆಗೆ ಹತ್ತುವುದಿಲ್ಲ. ಕೈಯಾರೆ ಮಾಡಿಯೇ ನೋಡೋಣ ಎಂದು ಕಾಕಾನ ಅಂಗಳದಲ್ಲಿ ಒಂದು ಡ್ರಮ್ಮು ನಿಲ್ಲಿಸಿದೆ. ಆರು ಇಂಚಿನ ಎರಡು ಗಾಜಿನ ಬಿಲ್ಲೆ. ನಡುವೆ ಕಾರ್ಬೊರಂಡಮ್ ಪುಡಿ, ನೀರು. ಮೇಲಿನ ಬಿಲ್ಲೆಯನ್ನು ಹಿಂದಕ್ಕೆ ಮುಂದಕ್ಕೆ ತಿಕ್ಕುತ್ತ ಡ್ರಮ್ಮಿನ ಸುತ್ತ ಪ್ರದಕ್ಷಿಣೆ ಹಾಕಬೇಕು. ಮ್ಯಾಜಿಕ್ ಏನೆಂದರೆ, ಮೇಲಿನದು ತಾನಾಗಿ ತಗ್ಗಾಗುತ್ತದೆ, ಕೆಳಗಿನದು ಉಬ್ಬುತ್ತದೆ. ನನ್ನ ಬಿಲ್ಲೆಗೆ ಬೇಕಿದ್ದ ತಗ್ಗು ನಡುಮಧ್ಯದಲ್ಲಿ ಬರೀ 1.2 ಮಿಲಿಮೀಟರ್. ಇಷ್ಟೇನಾ ಅನ್ನಿಸಿತು. ಆಮೇಲೆ ಇನ್ನೂ ನುಣುಪಾದ ಪುಡಿ, ಅದಾದ ಮೇಲೆ ಟಾರಿನಂಥ ಪಿಚ್ಚಿನ ಮೇಲೆ ಪಾಲಿಶ್. ಗಾಜು ಫಳಫಳ ಹೊಳೆಯತೊಡಗಿತು. ಮುಗೀತು ಅಂದುಕೊಂಡೆ.

ಎಲ್ಲಿ ಮುಗೀತು? ಅಲ್ಲಿಂದಲೇ ಕಥೆ ಶುರು. ಹೊಳಪು ಬೇರೆ, ಆಕಾರ ಬೇರೆ. ಒಳ್ಳೆ ಕನ್ನಡಿ ಎನ್ನಬೇಕಾದರೆ ಮೇಲ್ಮೈಯ ಏರುತಗ್ಗು ತಲೆಗೂದಲ ದಪ್ಪದ ಸುಮಾರು ಸಾವಿರದ ಒಂದು ಪಾಲಿನೊಳಗಿರಬೇಕು. ಅಳೆಯುವ ಪಟ್ಟಿ ಯಾವ ಅಂಗಡಿಯಲ್ಲಿ ಸಿಗುತ್ತದೆ? ಅಳೆಯಲು ಆಗದ್ದನ್ನು ಎಷ್ಟು ತಿಕ್ಕಿದರೂ ತಿದ್ದಲು ಆಗುವುದಿಲ್ಲ.

ದಾರಿ ತೋರಿಸಿದವನು ಪ್ಯಾರಿಸ್ಸಿನ ಫೂಕೋ, 1858ರ ಸುಮಾರಿಗೆ. ಬೇಕಾದ್ದು ಒಂದು ಬಲ್ಬು, ಒಂದು ಸೂಜಿತೂತು, ಒಂದು ಶೇವಿಂಗ್ ಬ್ಲೇಡು! ಕತ್ತಲ ಕೋಣೆಯಲ್ಲಿ ಕನ್ನಡಿಯಿಂದ ಎಂಟು ಅಡಿ ದೂರದಲ್ಲಿ ಸೂಜಿತೂತಿನ ಬೆಳಕಿಟ್ಟೆವು. ಹೋದ ಬೆಳಕು ಮರಳಿ ಒಂದು ಚುಕ್ಕಿಯಾಗಿ ಸೇರುವ ಜಾಗದಲ್ಲಿ ಬ್ಲೇಡನ್ನು ಮೆಲ್ಲಗೆ ಅಡ್ಡ ತಂದು, ಹಿಂದಿನಿಂದ ಕಣ್ಣಿಟ್ಟೆ. ಅಬ್ಬಾ! ನುಣುಪು ಗಾಜಿನ ಮೇಲೆ ಬೆಟ್ಟ, ಕಣಿವೆ, ದಿಬ್ಬ ಎಲ್ಲ ನೆರಳು-ಬೆಳಕಿನಲ್ಲಿ ಎದ್ದು ನಿಂತವು. ಕಪ್ಪುಬಿಳುಪು ಸಿನಿಮಾವೇ. ಕೊನೆಗೆ ಬರಬೇಕಾದ ಆಕಾರ ಬಂದಾಗ ಅದು ನಡುವೆ ತಗ್ಗಿದ ಉದ್ದಿನ ವಡೆಯ ಹಾಗೆ ಕಾಣುತ್ತದಂತೆ.

ಕಾಕಾ ಎದ್ದು ಹೋಗಿ ಕನ್ನಡಿಗೆ ಹೆಬ್ಬೆರಳು ಒತ್ತಿ ಬಂದರು. “ಈಗ ನೋಡು.” ನೋಡಿದರೆ, ಬೆರಳು ಒತ್ತಿದಲ್ಲಿ ಒಂದು ಗುಡ್ಡ! ಮೈ ಶಾಖಕ್ಕೆ ಗಾಜು ಹಿಗ್ಗಿತ್ತು. ನಾವು ಕಾಯುತ್ತಿದ್ದ ಹಾಗೇ ಗುಡ್ಡ ಕರಗಿ ಮಾಯವಾಯಿತು. ಪಾಲಿಶ್ ಮಾಡಿದ ಕೂಡಲೇ ಯಾಕೆ ಅಳೆಯಬಾರದು ಎಂದು ನನಗೆ ತಿಳಿದದ್ದು ಆವಾಗ.

ನಮ್ಮದು ಆರು ಇಂಚು. 2.34 ಮೀಟರ್ ಅಗಲದ ಕನ್ನಡಿಯನ್ನು ಹೀಗೆ ತಿದ್ದಬೇಕಾದರೆ? ಬೆಂಗಳೂರಿನಲ್ಲೇ ಅದು ಆಗಿದೆ! ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯ ಕಾರ್ಯಾಗಾರದಲ್ಲಿ ಎ.ಪಿ. ಜಯರಾಜನ್ ಅವರ ತಂಡ ಅಂಥದೊಂದನ್ನು ಉಜ್ಜಿ, ಅಳೆದು, ಮತ್ತೆ ಉಜ್ಜಿ ಮುಗಿಸಿತು. ದೊಡ್ಡ ದೂರದರ್ಶಕವನ್ನು ಇಲ್ಲೇ ಕಟ್ಟಬೇಕೆಂದು ಹಟ ಹಿಡಿದವರು ವೈನು ಬಾಪು. ಅವರು 1982ರಲ್ಲಿ ತೀರಿಕೊಂಡರು, ಅದು ಕಣ್ಣು ಬಿಟ್ಟದ್ದನ್ನು ನೋಡಲಿಲ್ಲ. ಕಾವಲೂರಿನ ಬೆಟ್ಟದ ಮೇಲೆ 1986ರ ಜನವರಿಯಲ್ಲಿ ಪ್ರಧಾನಿ ರಾಜೀವ್ ಗಾಂಧಿ ಅದಕ್ಕೆ ಬಾಪು ಅವರದೇ ಹೆಸರಿಟ್ಟರು. 2016ರಲ್ಲಿ ದೇವಸ್ಥಳದ 3.6 ಮೀಟರಿನದು ಬರುವವರೆಗೂ ದೇಶಕ್ಕೆಲ್ಲ ಅದೇ ದೊಡ್ಡದು. ಅಂದ ಹಾಗೆ, ದೇವಸ್ಥಳದ ಕನ್ನಡಿ ಉಜ್ಜಿದ್ದು ರಷ್ಯದಲ್ಲಿ.

ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅಮೆರಿಕದಲ್ಲೂ ಒಂದು ಕನ್ನಡಿ ತಯಾರಾಗುತ್ತಿತ್ತು. ಅಗಲ 2.4 ಮೀಟರ್, ಬಾಪು ಕನ್ನಡಿಗಿಂತ ಆರೇ ಸೆಂಟಿಮೀಟರ್ ಹೆಚ್ಚು. ಅದೇ ಹಬಲ್! 1990ರಲ್ಲಿ ಆಕಾಶಕ್ಕೆ ಹಾರಿತು. ಮೊದಲ ಚಿತ್ರಗಳು ಬಂದಾಗ ಪ್ರಪಂಚವೆಲ್ಲ ‘ಫೋಕಸ್! ಫೋಕಸ್!’ ಎಂದು ಕೂಗಿತು. ಅಂಚಿನ ಕಡೆ ಬೇಕಾದ್ದಕ್ಕಿಂತ 2.2 ಮೈಕ್ರಾನ್ ಚಪ್ಪಟೆ. ಕೂದಲಿನ ಮೂವತ್ತರಲ್ಲಿ ಒಂದು ಪಾಲು! ಉಜ್ಜಿದವರ ತಪ್ಪೇ? ಅಲ್ಲ. ಅವರು ಅಳತೆ ಹೇಳಿದ ಹಾಗೆ ಉಜ್ಜಿದ್ದರು. ಅಳೆಯುವ ಉಪಕರಣದೊಳಗೇ ಒಂದು ಲೆನ್ಸು 1.3 ಮಿಲಿಮೀಟರ್ ತಪ್ಪು ಜಾಗದಲ್ಲಿತ್ತು. ಅದನ್ನು ಕೂರಿಸುವಾಗ ಬೆಳಕು ಅಳತೆಕೋಲಿನ ತುದಿಗೆ ಬಡಿಯುವ ಬದಲು ಬಣ್ಣ ಕಿತ್ತಿದ್ದ ಮುಚ್ಚಳಕ್ಕೆ ಬಡಿದು ಮರಳಿತ್ತು. ಅದಕ್ಕಿಂತ ಸಾಧಾರಣವಾದ ಎರಡು ಉಪಕರಣಗಳು ಏನೋ ಕೆಟ್ಟಿದೆ ಎಂದು ತೋರಿಸಿದ್ದವು. ದೊಡ್ಡ ಉಪಕರಣದ ಮುಂದೆ ಬಡವರ ಸಾಕ್ಷಿ ಯಾರು ಕೇಳುತ್ತಾರೆ? 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಮೇಲೆ ಹೋಗಿ ಕನ್ನಡಕ ತೊಡಿಸಿದ ಮೇಲೆಯೇ ಅದಕ್ಕೆ ದೃಷ್ಟಿ ಬಂದದ್ದು.

ಈ ಕಥೆ ಕಾಕಾನಿಗೆ ಹೇಳಿದೆ. ನಕ್ಕರು. ಬೆಳಿಗ್ಗೆ ಸೂಪಾದ ಹಿನ್ನೀರಿನ ಕಡೆ ಕರೆದುಕೊಂಡು ಹೋದರು. ಗಾಳಿಯಿಲ್ಲ. ಕಾಡು ಪೂರಾ ತಲೆಕೆಳಗಾಗಿ ನೀರಿನಲ್ಲಿ ನಿಂತಿತ್ತು. ಗಾಜು ಸಪಾಟಾಗಿದೆಯೇ ಎಂದು ನೋಡಲು ನಿಂತ ದ್ರವವನ್ನೇ ಮಾದರಿಯಾಗಿ ಇಟ್ಟುಕೊಂಡವರಿದ್ದಾರೆ. ತಟ್ಟೆಯಷ್ಟು ಅಗಲದಲ್ಲಿ ಭೂಮಿಯ ಬಾಗು ಲೆಕ್ಕಕ್ಕೇ ಬರುವುದಿಲ್ಲವಲ್ಲ! ನಾನು ಈ ಜಾಣತನ ಒದರುತ್ತಿರುವಾಗಲೇ ಒಂದು ಹಕ್ಕಿ ನೀರು ಸವರಿಕೊಂಡು ಹೋಯಿತು. ಕಾಡೆಲ್ಲ ಚೂರುಚೂರು.

ಅವತ್ತು ರಾತ್ರಿ ಮತ್ತೆ ಬ್ಲೇಡು ಹಿಡಿದೆವು. ನನ್ನ ಕನ್ನಡಿಯ ಅಂಚು ಸುತ್ತಲೂ ಜಾರಿ ಕೆಳಗಿಳಿದಿತ್ತು. ತುದಿಯಲ್ಲಿ ಜೋರು ಕೊಟ್ಟು ತಿಕ್ಕಿದ ಆತುರಗಾರರಿಗೆಲ್ಲ ಬರುವ ರೋಗವಂತೆ. “ಸಣ್ಣದಲ್ಲ ಕಾಕಾ, ಬಿಟ್ಟುಬಿಡೋಣ, ಯಾರಿಗೆ ಕಾಣ್ತದ?” ಅಂದೆ.

ಕಾಕಾ ದೀಪ ಹಾಕಿದರು. ಪಿಚ್ಚಿನ ಬಿಲ್ಲೆಯನ್ನು ಬಿಸಿನೀರಿಗೆ ಹಿಡಿದು ಮೆತ್ತಗೆ ಮಾಡತೊಡಗಿದರು.

“ನಿನಗ ಕಾಣ್ತಲ್ಲೋ ತಮ್ಮಾ. ಮತ್ತ ತಿಕ್ಕು.”